ತ್ಸಿಮರ್ನ್ ವೃತ್ತಾಂತ: ವಂಶಚರಿತ್ರೆಯಲ್ಲಿ ಪಕ್ಷಪಾತವೂ ಸತ್ಯವೂ

೧

ಒಂದು ವಂಶದ ಚರಿತ್ರೆಯನ್ನು ಆ ವಂಶದವರೇ ಬರೆದಾಗ ಅಥವಾ ಬರೆಯಿಸಿದಾಗ ಅದನ್ನು ಎಷ್ಟರಮಟ್ಟಿಗೆ ಪ್ರಮಾಣವೆಂದು ಎಣಿಸಬಹುದೆಂಬ ಪ್ರಶ್ನೆಯು ಎಲ್ಲ ದೇಶಗಳ ವಿದ್ವಾಂಸರಿಗೂ ಎದುರಾಗಿರುವುದು. ಶಾಸನಗಳ ಪ್ರಶಸ್ತಿಭಾಗವನ್ನು ಓದಿದವರಿಗೆ ಈ ಕಷ್ಟವು ಹೊಸದಲ್ಲ. ದಾನಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವಾಗ ಹಳ್ಳ, ಮರ, ನೆಟ್ಟ ಕಲ್ಲು ಎಂದು ಹೆಜ್ಜೆಹೆಜ್ಜೆಗೂ ಎಚ್ಚರದಿಂದಿರುವ ಬರಹವೇ, ದಾನಿಯ ವಂಶವನ್ನು ಹೇಳುವಾಗ ಸೂರ್ಯಚಂದ್ರರವರೆಗೂ ಏರಿಹೋಗುವುದು. ಕಾಶ್ಮೀರದ ಕಲ್ಹಣನು ಹನ್ನೆರಡನೆಯ ಶತಮಾನದಲ್ಲಿ ರಾಜತರಂಗಿಣಿಯನ್ನು ಆರಂಭಿಸುವಾಗ, ಕಳೆದುಹೋದುದನ್ನು ಹೇಳುವವನ ಮಾತು ರಾಗದ್ವೇಷಗಳನ್ನು ತೊರೆದಿರಬೇಕೆಂದು ಅಪೇಕ್ಷಿಸಿದನು. ಈ ನಿಯಮವನ್ನು ಅಕ್ಷರಶಃ ಹಿಡಿದರೆ ವಂಶಚರಿತ್ರೆಗಳಲ್ಲಿ ಉಳಿಯುವುವು ಬಹಳ ಕಡಮೆ. ಏಕೆಂದರೆ ರಾಗವೇ ಅವುಗಳ ಹುಟ್ಟಿಗೆ ಕಾರಣ. ಅನೇಕ ವೇಳೆ ದ್ವೇಷವೂ ಕಾರಣ.

ಈ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ ಜರ್ಮನ್ ದೇಶದ ಒಂದು ಗ್ರಂಥವು ವಿಶೇಷವಾಗಿ ಅನುಕೂಲಿಸುವುದು. ಅದು ಸ್ವೇಬಿಯ ಪ್ರಾಂತದ ತ್ಸಿಮರ್ನ್ ಎಂಬ ಸಣ್ಣ ಸಾಮಂತಮನೆತನದ ಚರಿತ್ರೆ; ‘ತ್ಸಿಮರ್ನ್ ವೃತ್ತಾಂತ’ವೆಂದು ಪ್ರಸಿದ್ಧವಾದದ್ದು. ಹದಿನಾರನೆಯ ಶತಮಾನದ ನಡುವೆ ಹುಟ್ಟಿ ೧೫೬೬ರ ಹೊತ್ತಿಗೆ ಈಗಿರುವ ರೂಪಕ್ಕೆ ಬಂದ ಈ ಗ್ರಂಥವನ್ನು ಚರಿತ್ರಕಾರರು ಒಂದು ಕಾಲದಲ್ಲಿ ಕಟ್ಟುಕಥೆಗಳ ಕಂತೆಯೆಂದು ಶಂಕಿಸಿದರು. ಜನಪದಕಥೆಗಳನ್ನು ಸಂಗ್ರಹಿಸುವವರು ಅದನ್ನು ಕಣಜವೆಂದು ಕೊಂಡಾಡಿದರು. ಇಬ್ಬರೂ ತಮಗೆ ಬೇಕಾದ ಕಾಳನ್ನು ಆರಿಸಿಕೊಂಡರಲ್ಲದೆ ಗ್ರಂಥವನ್ನು ಗ್ರಂಥವಾಗಿ ನೋಡುವುದು ತಡವಾಯಿತು. ಹಾಗೆ ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುವುದು. ಗ್ರಂಥಕರ್ತನು ತಾನು ಹೊತ್ತ ಉದ್ದೇಶಕ್ಕೆ ವಿಧೇಯನಾಗಿರುವಲ್ಲೆಲ್ಲಾ ಗ್ರಂಥವು ದುರ್ಬಲವಾಗಿಯೂ, ಆ ಉದ್ದೇಶವನ್ನು ಮರೆತು ಮುಂದುವರಿದಲ್ಲೆಲ್ಲಾ ಪ್ರಬಲವಾಗಿಯೂ ಇರುವುದು. ಇದನ್ನು ಸ್ಥಾಪಿಸುವುದೇ ಮುಂದಿನ ವಿಮರ್ಶೆಯ ಪ್ರಯೋಜನ.

೨

ಮೊದಲು ಆ ಪ್ರಭುತ್ವದ ಸ್ವರೂಪವನ್ನು ತಿಳಿಯತಕ್ಕದ್ದು. ತ್ಸಿಮರ್ನ್ ಮನೆತನದವರು ‘ಫ್ರೈಹೆರ್’ ಎಂಬ ಪದವಿಯವರು. ಫ್ರೈಹೆರ್ ಎಂದರೆ ಸ್ವತಂತ್ರನಾದ ಒಡೆಯನು; ರಾಜನೂ ಅಲ್ಲ, ರಾಜನ ಊಳಿಗದವನೂ ಅಲ್ಲ. ಅವರ ಮೂಲಸ್ಥಾನವು ನೆಕ್ಕರ್ ನದಿಯ ಬಳಿ, ರಾಟ್‌ವೈಲ್ ಪಟ್ಟಣಕ್ಕೆ ಸಮೀಪದಲ್ಲಿರುವ ಹೆರೆನ್‌ತ್ಸಿಮರ್ನ್ ಕೋಟೆ. ಹನ್ನೊಂದನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ಅವರ ಹೆಸರು ದಾಖಲೆಗಳಲ್ಲಿ ಕಾಣುವುದು. ಹದಿನಾಲ್ಕನೆಯ ಶತಮಾನದ ನಡುವೆ ಮದುವೆಯ ಸಂಬಂಧದಿಂದ ಮೆಸ್‌ಕಿರ್ಖ್ ಎಂಬ ಊರೂ ಅದರ ಸೀಮೆಯೂ ಅವರ ಕೈಸೇರಿತು. ಈ ಊರು ಡಾನ್ಯೂಬ್ ನದಿಗೂ ಬೋಡೆನ್ ಸರೋವರಕ್ಕೂ ನಡುವೆ ಇರುವುದು. ನೆಕ್ಕರ್ ತೀರದ ಓಬರ್ನ್‌ಡಾರ್ಫ್ ಪಟ್ಟಣವೂ, ಡಾನ್ಯೂಬ್ ಕಣಿವೆಯ ಮೇಲೆ ಕಡಿದಾದ ಬಂಡೆಯ ನೆತ್ತಿಯಲ್ಲಿರುವ ವಿಲ್ಡೆನ್‌ಸ್ಟೈನ್ ದುರ್ಗವೂ ಅವರ ವಶದಲ್ಲಿದ್ದುವು. ಒಂದೆರಡು ಪಟ್ಟಣ, ಕೆಲವು ಕೋಟೆ, ಕೆಲವು ಹಳ್ಳಿ, ಕಾಡು, ಅವುಗಳಿಂದ ಬರುವ ಕಂದಾಯ, ನ್ಯಾಯತೀರ್ಮಾನದ ಅಧಿಕಾರ, ಬೇಟೆಯ ಹಕ್ಕು — ಇಷ್ಟೇ ಆ ಪ್ರಭುತ್ವ.

ಅಂಥ ಪ್ರಭುತ್ವದ ಬಲವೆಲ್ಲವೂ ಸೈನ್ಯದಲ್ಲಿರಲಿಲ್ಲ. ಸಂಬಂಧದಲ್ಲಿಯೂ ಸನ್ನದಿನಲ್ಲಿಯೂ ಇತ್ತು. ಯಾವ ಮನೆಯಿಂದ ಹೆಣ್ಣನ್ನು ತಂದರು, ಯಾವ ಆಸ್ಥಾನದಲ್ಲಿ ಆಲೋಚನಾಪದವಿ ದೊರೆಯಿತು, ಯಾವ ಪತ್ರಕ್ಕೆ ಯಾರ ಮುದ್ರೆ ಬಿದ್ದಿದೆ ಎಂಬುದರ ಮೇಲೆ ಅದರ ಅಳಿವು ಉಳಿವುಗಳು ನಿಂತಿದ್ದುವು. ಈ ಮಾತಿಗೆ ೧೪೮೮ನೆಯ ಇಸವಿಯೇ ಸಾಕ್ಷಿ. ಆಗ ಮನೆತನದ ಯಜಮಾನನಾಗಿದ್ದ ಯೋಹಾನೆಸ್ ವೆರ್ನರನು ಟೈರೋಲಿನ ಆರ್ಚ್‌ಡ್ಯೂಕ್ ಸಿಗಿಸ್ಮಂಡನ ಮಂತ್ರಾಲೋಚನೆಯ ಬಳಗಕ್ಕೆ ಸೇರಿದ್ದನು. ಆ ಸಿಗಿಸ್ಮಂಡನು ಹ್ಯಾಬ್ಸ್‌ಬರ್ಗ್ ಮನೆತನದ ಭೂಮಿಗಳನ್ನು ಬವೇರಿಯದ ಡ್ಯೂಕರಿಗೆ ಪರಭಾರೆಮಾಡಲು ಹೊರಟನು. ತನ್ನ ಕುಲದ ಆಸ್ತಿಯು ಕೈತಪ್ಪುವುದನ್ನು ಕಂಡ ಚಕ್ರವರ್ತಿ ಮೂರನೆಯ ಫ್ರೆಡರಿಕನು ದುರಾಲೋಚನೆಯ ಹೊಣೆಯನ್ನು ಮಂತ್ರಿಗಳ ಮೇಲೆ ಹೊರಿಸಿ ಅವರಿಗೆ ಸಾಮ್ರಾಜ್ಯಬಹಿಷ್ಕಾರವನ್ನು ವಿಧಿಸಿದನು. ಬಹಿಷ್ಕೃತನಿಗೆ ಕಾನೂನಿನ ರಕ್ಷಣೆಯಿಲ್ಲ. ಅವನ ಆಸ್ತಿಯನ್ನು ಕಸಿದುಕೊಂಡವನು ಅಪರಾಧಿಯಾಗುವುದಿಲ್ಲ. ಚಕ್ರವರ್ತಿಯ ಆಸ್ಥಾನದಲ್ಲಿ ಪ್ರಬಲನಾಗಿದ್ದ ನೆರೆಯ ಕೌಂಟ್ ಹ್ಯೂಗೋ ವೆರ್ಡೆನ್‌ಬೆರ್ಗನು ಸಮಯವನ್ನು ಬಿಡಲಿಲ್ಲ. ಮೆಸ್‌ಕಿರ್ಖ್ ವೆರ್ಡೆನ್‌ಬೆರ್ಗರ ಪಾಲಾಯಿತು. ಯೋಹಾನೆಸ್ ವೆರ್ನರನು ದೇಶಭ್ರಷ್ಟನಾಗಿ ಅಲೆದು ೧೪೯೫ರಲ್ಲಿ ಮ್ಯೂನಿಕ್ ನಗರದಲ್ಲಿ ತೀರಿಕೊಂಡನು.

ಉಳಿದವರು ನಾಲ್ವರು ಗಂಡುಮಕ್ಕಳು. ಹಿರಿಯನಾದ ಫೈಟ್ ವೆರ್ನರನು ೧೪೯೬ರಲ್ಲಿ ಓಬರ್ನ್‌ಡಾರ್ಫನ್ನು ತಿರುಗಿ ಹಿಡಿದನಾದರೂ ೧೪೯೯ರಲ್ಲಿ ಮೃತನಾದನು. ಅವನ ತಮ್ಮಂದಿರು ೧೫೦೩ರಲ್ಲಿ ಮೆಸ್‌ಕಿರ್ಖನ್ನು ವಶಮಾಡಿಕೊಂಡರು, ೧೫೦೪ರಲ್ಲಿ ಒಪ್ಪಂದವಾಯಿತು. ವೈರದ ಬೇಗೆ ಅಲ್ಲಿಗೂ ಆರಲಿಲ್ಲ. ತ್ಸಿಮರ್ನರ ಪಕ್ಷಕ್ಕೆ ಸೇರಿದ್ದ ಸೊನ್ನೆನ್‌ಬೆರ್ಗಿನ ಕೌಂಟ್ ಆಂಡ್ರೆಯಾಸನನ್ನು ೧೫೧೧ರಲ್ಲಿ ಫೆಲಿಕ್ಸ್ ವೆರ್ಡೆನ್‌ಬೆರ್ಗನು ಕೊಂದನು. ಕಡೆಗೆ ೧೫೩೪ರಲ್ಲಿ ವೆರ್ಡೆನ್‌ಬೆರ್ಗ್ ವಂಶವು ಗಂಡುಸಂತಾನವಿಲ್ಲದೆ ನಿಂತುಹೋಯಿತು. ೧೫೩೮ರಲ್ಲಿ ತ್ಸಿಮರ್ನರಿಗೆ ಐದನೆಯ ಚಾರ್ಲ್ಸ್ ಚಕ್ರವರ್ತಿಯಿಂದ ಕೌಂಟ್ ಪದವಿಯು ದೊರೆಯಿತು.

೩

ಗ್ರಂಥವನ್ನು ಬರೆದವನು ತನ್ನ ಹೆಸರನ್ನು ಹೇಳಿಕೊಂಡಿಲ್ಲ. ಆದುದರಿಂದ ಕರ್ತೃತ್ವದ ವಿಷಯದಲ್ಲಿ ಬಹುಕಾಲ ಚರ್ಚೆ ನಡೆಯಿತು. ಬಹಿಷ್ಕೃತನ ಮಗನಾದ ವಿಲ್‌ಹೆಲ್ಮ್ ವೆರ್ನರನೆಂದು ಕೆಲವರೂ, ಅವನ ಅಣ್ಣನ ಮಗ ಫ್ರೋಬೆನ್ ಕ್ರಿಸ್ಟೋಫನೆಂದು ಕೆಲವರೂ ಊಹಿಸಿದರು. ಫ್ರೋಬೆನನ ಜೊತೆಗೆ ಅವನ ಕಾರ್ಯದರ್ಶಿ ಯೋಹಾನೆಸ್ ಮ್ಯೂಲರನಿಗೂ ಪಾಲುಂಟೆಂದು ಹೇಳಿದವರೂ ಇದ್ದರು. ೧೯೫೯ರಲ್ಲಿ ಪ್ರಕಟವಾದ ಬೆಯಾಟ್ ರುಡಾಲ್ಫ್ ಯೆನ್ನಿ ಎಂಬ ವಿದ್ವಾಂಸರ ಸಂಶೋಧನೆಯು ಈ ಚರ್ಚೆಗೆ ನೆಲೆಯನ್ನು ಕೊಟ್ಟಿತು. ಕರ್ತೃವು ಫ್ರೋಬೆನ್ ಕ್ರಿಸ್ಟೋಫನೇ ಎಂಬ ನಿರ್ಣಯವು ಅಂದಿನಿಂದ ವಿದ್ವಾಂಸರಿಗೆ ಸಮ್ಮತವಾಗಿದೆ.

ಫ್ರೋಬೆನ್ ಕ್ರಿಸ್ಟೋಫನು ೧೫೧೯ರಲ್ಲಿ ಸ್ಪೆಸಾರ್ಟ್ ಕಾಡಿನ ಮೆಸ್ಪೆಲ್‌ಬ್ರುನ್ ಕೋಟೆಯಲ್ಲಿ ಹುಟ್ಟಿದನು. ತಂದೆಯಿಂದ ದೂರವಾಗಿ, ತಾಯಿಯ ಕಡೆಯ ಬಂಧುಗಳ ಆಶ್ರಯದಲ್ಲಿ ಬೆಳೆದನು. ಕಲೋನ್, ಲೂವೆನ್, ಪ್ಯಾರಿಸ್, ಬೂರ್ಜ್ ಮೊದಲಾದ ವಿದ್ಯಾಸ್ಥಾನಗಳಲ್ಲಿ ಓದಿದನು. ಲ್ಯಾಟಿನ್ನಿನಲ್ಲಿ ಪಂಡಿತನಾಗಿದ್ದರೂ ಕುಲಚರಿತ್ರೆಗೆ ತನ್ನ ಸೀಮೆಯ ಜರ್ಮನ್ ನುಡಿಯನ್ನೇ ಆರಿಸಿಕೊಂಡನು. ಈ ಆಯ್ಕೆಯ ಫಲವು ದೊಡ್ಡದು. ಲ್ಯಾಟಿನ್ನಿನಲ್ಲಿ ಬರೆದಿದ್ದರೆ ಅಡಿಗೆಮನೆಯ ಮಾತೂ ಸಂತೆಯ ಬೈಗಳೂ ಅವನ ಹಾಳೆಗೆ ಬರುತ್ತಿರಲಿಲ್ಲ. ಮಾರ್ಗದ ಪಾಂಡಿತ್ಯವುಳ್ಳವನು ದೇಶಿಯಲ್ಲಿ ಬರೆದಾಗ ಎರಡೂ ಹೇಗೆ ಒಂದನ್ನೊಂದು ತಿದ್ದುವುವೆಂಬುದಕ್ಕೆ ಈ ಗ್ರಂಥವು ಒಳ್ಳೆಯ ನಿದರ್ಶನ.

ಅವನಿಗೆ ಸಾಮಗ್ರಿಯನ್ನು ಒದಗಿಸಿದವನು ಚಿಕ್ಕಪ್ಪನಾದ ವಿಲ್‌ಹೆಲ್ಮ್ ವೆರ್ನರನು. ಮನೆತನಕ್ಕೆ ಬಹಿಷ್ಕಾರವು ಬಂದಾಗ ಅವನು ಮೂರು ವರ್ಷದ ಕೂಸು. ಬೆಳೆದಮೇಲೆ ಅವನು ಸಾಮ್ರಾಜ್ಯದ ಉಚ್ಚನ್ಯಾಯಸ್ಥಾನದಲ್ಲಿ ನ್ಯಾಯಾಧಿಪತಿಯಾದನು. ಆ ನ್ಯಾಯಸ್ಥಾನವು ಸ್ಥಾಪಿತವಾದುದು ೧೪೯೫ರಲ್ಲಿ, ಎಂದರೆ ಅವನ ತಂದೆಯು ದೇಶಭ್ರಷ್ಟನಾಗಿ ಸತ್ತ ವರ್ಷದಲ್ಲಿಯೇ. ಪತ್ರದಿಂದ ಕೆಟ್ಟ ಮನೆಯ ಮಗನು ಪತ್ರಗಳ ತೂಕವನ್ನು ನೋಡುವ ಪದವಿಗೆ ಏರಿದನು. ಅವನು ಹೆರೆನ್‌ತ್ಸಿಮರ್ನ್ ಕೋಟೆಯಲ್ಲಿ ದಾಖಲೆಗಳನ್ನೂ ಅಪೂರ್ವವಸ್ತುಗಳನ್ನೂ ಕೂಡಿಹಾಕಿದನು. ಮೈನ್ಸ್ ಮಹಾಧರ್ಮಪೀಠದ ಮತ್ತು ಅದರ ಅಧೀನ ಪೀಠಗಳ ಚರಿತ್ರೆಯನ್ನು ಬರೆದನು. ೧೫೬೬ರಲ್ಲಿ ಫ್ರೋಬೆನನು ಮಡಿದ ಬಳಿಕವೂ ಬದುಕಿದ್ದು ೧೫೭೫ರಲ್ಲಿ ಸುಮಾರು ತೊಂಬತ್ತು ವರ್ಷದವನಾಗಿ ತೀರಿಕೊಂಡನು. ಸಂಗ್ರಹದ ಶ್ರದ್ಧೆಯು ಹಿರಿಯನದು, ಕಥನದ ಶಕ್ತಿಯು ಕಿರಿಯನದು ಎಂದು ಸ್ಥೂಲವಾಗಿ ಹೇಳಬಹುದು.

೪

ಗ್ರಂಥದ ಆರಂಭವೇ ಅದರ ಅತ್ಯಂತ ದುರ್ಬಲವಾದ ಭಾಗ. ಕ್ರಿಸ್ತಪೂರ್ವ ೧೦೧ರಲ್ಲಿ ರೋಮಿನ ಸೇನಾಪತಿ ಮಾರಿಯಸನಿಗೆ ಸೋತ ಕಿಂಬ್ರಿ ಎಂಬ ಪ್ರಾಚೀನ ಜನಾಂಗದಿಂದ ತ್ಸಿಮರ್ನ್ ಮನೆತನವು ಇಳಿದುಬಂದಿತೆಂದು ಅಲ್ಲಿ ಪ್ರತಿಪಾದಿಸಿದೆ. ಹೆಸರುಗಳ ಧ್ವನಿಸಾಮ್ಯವಲ್ಲದೆ ಇದಕ್ಕೆ ಬೇರೆ ಆಧಾರವಿಲ್ಲ. ತ್ಸಿಮರ್ನ್ ಎಂಬುದು ಮರಗೆಲಸವನ್ನು, ಮರದ ಕಟ್ಟಡವನ್ನು ಸೂಚಿಸುವ ಸಾಮಾನ್ಯವಾದ ಊರಹೆಸರು. ಆ ಹೆಸರಿನ ಊರುಗಳು ಆ ಸೀಮೆಯಲ್ಲಿ ಹಲವು ಇವೆ. ಆದರೆ ಮರಗೆಲಸದಿಂದ ಹೆಸರು ಪಡೆದ ಊರಿನ ಒಡೆಯನೆನಿಸಿಕೊಳ್ಳುವುದಕ್ಕಿಂತ ರೋಮನ್ನು ನಡುಗಿಸಿದ ವೀರರ ಸಂತಾನವೆನಿಸಿಕೊಳ್ಳುವುದು ಗೌರವವಲ್ಲವೆ?

ಇಲ್ಲಿ ಎರಡು ಬಗೆಯ ಓದುಗರು ತಪ್ಪುವರು. ಕಿಂಬ್ರಿಕಥೆಯನ್ನು ನಂಬುವವನು ಒಬ್ಬನು. ಅಂಥವನು ಈಗ ಇಲ್ಲ. ಅದು ಸುಳ್ಳೆಂದು ತಿಳಿದೊಡನೆ ಆ ಹಾಳೆಗಳನ್ನು ಮಗುಚಿಬಿಡುವವನು ಇನ್ನೊಬ್ಬನು. ಅಂಥವರು ಈಗಲೂ ಹಲವರು. ಸುಳ್ಳಿಗೂ ಒಂದು ಚರಿತ್ರೆಯುಂಟು. ಹದಿನಾರನೆಯ ಶತಮಾನದ ಜರ್ಮನಿಯಲ್ಲಿ ಟಾಸಿಟಸ್ ಮೊದಲಾದ ರೋಮನ್ ಗ್ರಂಥಕರ್ತರ ಬರಹಗಳು ಹೊಸದಾಗಿ ಅಚ್ಚಾಗಿ ಬಂದು, ಪ್ರಾಚೀನ ಜರ್ಮನ್ ಜನಾಂಗಗಳ ವಿಷಯದಲ್ಲಿ ವಿದ್ವಾಂಸರಿಗೆ ಅಭಿಮಾನ ಹುಟ್ಟಿತ್ತು. ಅರಸುಮನೆಗಳು ಟ್ರಾಯ್ ನಗರದ ವೀರರನ್ನೋ ರೋಮನರನ್ನೋ ಪೂರ್ವಿಕರನ್ನಾಗಿ ಮಾಡಿಕೊಳ್ಳುತ್ತಿದ್ದ ಕಾಲವದು. ಸ್ವತಃ ಚಕ್ರವರ್ತಿ ಮ್ಯಾಕ್ಸಿಮಿಲಿಯನನೇ ತನ್ನ ವಂಶವೃಕ್ಷದ ಬೇರುಗಳನ್ನು ಟ್ರಾಯ್‌ವರೆಗೂ ಹುಡುಕಿಸಿದನು. ಆದಕಾರಣ ಫ್ರೋಬೆನನ ಕಿಂಬ್ರಿಗಳು ಅವನೊಬ್ಬನ ಜಂಬವಲ್ಲ. ಆ ಕಾಲದ ಕವಿಸಮಯವೆಂದೇ ಹೇಳತಕ್ಕದ್ದು.

ಇದಕ್ಕಿಂತ ಗಾಢವಾದ ಕಾರಣವೊಂದುಂಟು. ೧೪೮೮ರಲ್ಲಿ ಒಂದು ಪತ್ರದಿಂದ ಸರ್ವಸ್ವವನ್ನೂ ಕಳೆದುಕೊಂಡ ಮನೆಯಿದು. ಯಾವ ಚಕ್ರವರ್ತಿಯ ಮುದ್ರೆಯೂ ಅಳಿಸಲಾರದಷ್ಟು ಹಳೆಯದಾದ ಹಕ್ಕೊಂದು ಅದಕ್ಕೆ ಬೇಕಾಗಿತ್ತು. ಕೊಟ್ಟವನು ಹಿಂದಕ್ಕೆ ಕಸಿಯಬಹುದು; ಯಾರೂ ಕೊಡದೆ ಬಂದದ್ದನ್ನು ಕಸಿಯುವವರಾರು? ಚಕ್ರವರ್ತಿಗಳ ಪದವಿಯೇ ಹುಟ್ಟುವುದಕ್ಕೆ ಮುಂಚಿನ ಕಾಲಕ್ಕೆ ವಂಶವನ್ನು ಒಯ್ದರೆ ಆ ಭಯವು ತೀರುವುದು. ಹೀಗೆ ನೋಡಿದಾಗ ಕಿಂಬ್ರಿಕಥೆಯು ಕ್ರಿಸ್ತಪೂರ್ವ ಎರಡನೆಯ ಶತಮಾನದ ವಿಷಯದಲ್ಲಿ ಅಪ್ರಮಾಣ; ಕ್ರಿಸ್ತಶಕ ಹದಿನೈದನೆಯ ಶತಮಾನದ ಗಾಯದ ವಿಷಯದಲ್ಲಿ ಪರಮಪ್ರಮಾಣ. ಆದರೂ ಕಾವ್ಯದೃಷ್ಟಿಯಿಂದ ಅದು ಒಣಗಿದ ಭಾಗವೇ ಸರಿ. ಅಲ್ಲಿ ಹೆಸರುಗಳಿವೆ, ಮನುಷ್ಯರಿಲ್ಲ.

೫

ವೆರ್ಡೆನ್‌ಬೆರ್ಗ್ ವೈರದ ಕಥೆಗೆ ಬಂದಾಗ ಬರಹಕ್ಕೆ ಉಸಿರು ಬರುವುದು. ಹೆಂಡತಿಮಕ್ಕಳು ಚದರಿಹೋದದ್ದು, ಬಂಧುಗಳಲ್ಲಿ ಯಾರು ಬಾಗಿಲು ತೆರೆದರು, ಯಾರು ಮುಚ್ಚಿದರು ಎಂಬುದು, ತಂದೆಯನ್ನು ಕಳೆದುಕೊಂಡ ಹುಡುಗರು ಊರನ್ನು ತಿರುಗಿ ಹಿಡಿದದ್ದು — ಇವು ಮನೆಯ ಹಿರಿಯರ ಬಾಯಿಂದ ಕೇಳಿದ ಕಥೆಗಳೆಂಬುದು ಶೈಲಿಯಿಂದಲೇ ತಿಳಿಯುವುದು. ವೀರ ಕರುಣ ರೌದ್ರಗಳಿಗೆ ಇಲ್ಲಿ ಎಡೆಯುಂಟು. ಗ್ರಂಥಕರ್ತನು ಎಲ್ಲವನ್ನೂ ಮಿತವಾಗಿ ಬಳಸಿರುವನು.

ಆದರೆ ವಿಮರ್ಶಕನು ಇಲ್ಲಿ ಮೈಮರೆಯಬಾರದು. ಈ ಭಾಗದ ದೋಷವು ಕಿಂಬ್ರಿಕಥೆಯ ದೋಷಕ್ಕಿಂತ ಸೂಕ್ಷ್ಮವಾದದ್ದು. ಅಲ್ಲಿ ಇಲ್ಲದುದನ್ನು ಹೇಳಿದೆ. ಇಲ್ಲಿ ಇದ್ದುದನ್ನೇ ಕಿರಿದುಮಾಡಿ ಹೇಳಿದೆ. ಗ್ರಂಥದ ಮಾತನ್ನು ಹಿಡಿದರೆ ಯೋಹಾನೆಸ್ ವೆರ್ನರನು ನಿರಪರಾಧಿ, ಹ್ಯೂಗೋ ವೆರ್ಡೆನ್‌ಬೆರ್ಗನು ದುರಾಶೆಯ ಮೂರ್ತಿ, ಬಹಿಷ್ಕಾರವು ಅವನ ಕೈವಾಡ. ಸಿಗಿಸ್ಮಂಡನ ಮಂತ್ರಿಗಳು ನಡೆಸಿದ ವ್ಯವಹಾರವು ಮಾತ್ರ ಹಿನ್ನೆಲೆಗೆ ಸರಿಯುವುದು. ಹ್ಯಾಬ್ಸ್‌ಬರ್ಗರ ಪೂರ್ವಾರ್ಜಿತವು ಬವೇರಿಯದ ಪಾಲಾಗುವುದನ್ನು ತಡೆಯುವುದು ಫ್ರೆಡರಿಕನಿಗೆ ಪ್ರಾಣದಷ್ಟು ಮುಖ್ಯವಾದ ಕಾರ್ಯವಾಗಿತ್ತು; ಹ್ಯೂಗೋ ಇಲ್ಲದಿದ್ದರೂ ಆ ಮಂತ್ರಿಗಳಿಗೆ ಶಿಕ್ಷೆ ತಪ್ಪುತ್ತಿರಲಿಲ್ಲ. ಎರಡು ದೊಡ್ಡ ರಾಜಮನೆತನಗಳು ತಿಕ್ಕಾಡಿದಾಗ ನಡುವೆ ಸಿಕ್ಕಿದ ಸಣ್ಣ ಒಡೆಯನೊಬ್ಬನು ನುಗ್ಗಾದನು. ನೆರೆಯವನು ಆ ನುಗ್ಗನ್ನು ಬಾಚಿಕೊಂಡನು. ಇದು ರಾಜಕಾರಣದ ಕಥೆ. ಗ್ರಂಥಕರ್ತನು ಇದನ್ನು ಇಬ್ಬರು ಮನುಷ್ಯರ ವೈರದ ಕಥೆಯನ್ನಾಗಿ ಮಾಡಿದನು. ವೈರಕ್ಕೆ ಮುಖವುಂಟು, ರಾಜಕಾರಣಕ್ಕಿಲ್ಲ. ಆದುದರಿಂದ ಕಥೆಗಾರನಿಗೆ ಇದು ಲಾಭ, ಚರಿತ್ರಕಾರನಿಗೆ ನಷ್ಟ.

ಪಾಠಹೇಳುವವರು ಈ ಭೇದವನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕಾದುದು ಅವಶ್ಯ. ಪಕ್ಷಪಾತವು ಸುಳ್ಳಿನ ರೂಪದಲ್ಲಿಯೇ ಬರಬೇಕೆಂಬ ನಿಯಮವಿಲ್ಲ. ಹೇಳಿದ ಪ್ರತಿಯೊಂದು ಮಾತೂ ನಿಜವಾಗಿದ್ದು, ಕಾರಣವನ್ನು ಮಾತ್ರ ತನ್ನ ಮನೆಯ ಅಂಗಳದೊಳಗೇ ಹುಡುಕಿದಾಗಲೂ ಪಕ್ಷಪಾತವೇ ಆಗುವುದು.

೬

ಇನ್ನು ಗ್ರಂಥದ ನಿಜವಾದ ಸತ್ತ್ವವಿರುವ ಭಾಗ. ವಂಶದ ಕೀರ್ತಿಗೆ ಏನೂ ಸಂಬಂಧವಿಲ್ಲದ ನೂರಾರು ಕಥೆಗಳನ್ನು ಫ್ರೋಬೆನನು ತಂದುಹಾಕಿರುವನು. ದೆವ್ವಗಳ ಕಥೆ, ರಾತ್ರಿಯಲ್ಲಿ ಆಕಾಶಮಾರ್ಗದಿಂದ ಸಾಗುವ ಬೇಟೆಗಾರರ ದಂಡಿನ ಕಥೆ, ಸಂನ್ಯಾಸಿಗಳ ಆಷಾಢಭೂತಿತನ, ಕಾರ್ನಿವಲ್ ಹಬ್ಬದ ವೇಷಗಳು, ನೆರೆಯ ಪ್ರಭುಗಳ ಕುಡಿತ ಜಗಳಗಳು, ಪೆದ್ದರ ಮಾತುಗಳು ಎಲ್ಲವೂ ಇವೆ. ಸಾಹಿತ್ಯದ ಚರಿತ್ರೆಯಲ್ಲಿ ಬಹಳ ಮುಖ್ಯವಾದ ಒಂದು ಸುದ್ದಿಯೂ ಇಲ್ಲಿಯೇ ದೊರೆಯುವುದು. ಮುಂದೆ ಮಾರ್ಲೋ, ಗಯಟೆ ಮೊದಲಾದ ಕವಿಗಳ ನಾಟಕಗಳಿಗೆ ನಾಯಕನಾದ ಮಾಂತ್ರಿಕ ಫೌಸ್ಟನು ಬ್ರೈಸ್‌ಗೌ ಸೀಮೆಯ ಸ್ಟೌಫೆನ್ ಊರಿನಲ್ಲಿ ಅಥವಾ ಅದರ ಬಳಿಯಲ್ಲಿ ಮಡಿದನೆಂದೂ, ಸೈತಾನನೇ ಅವನನ್ನು ಕೊಂದನೆಂದು ಜನರು ನಂಬಿದರೆಂದೂ, ಅವನ ಪುಸ್ತಕಗಳು ಸ್ಟೌಫೆನ್ನಿನ ಒಡೆಯನ ಕೈಸೇರಿದುವೆಂದೂ ಈ ವೃತ್ತಾಂತವು ತಿಳಿಸುವುದು. ಫೌಸ್ಟನು ಕಥಾಪುರುಷನಾಗಿ ಅಚ್ಚಿನಲ್ಲಿ ಬಂದುದು ೧೫೮೭ರಲ್ಲಿ. ಅದಕ್ಕೆ ಇಪ್ಪತ್ತು ವರ್ಷ ಮುಂಚೆಯೇ ಅವನ ಸಾವಿನ ಸುದ್ದಿಯನ್ನು ನೆರೆಸೀಮೆಯ ಸುದ್ದಿಯಂತೆ ಬರೆದಿಟ್ಟ ಉಪಕಾರವು ಈ ಗ್ರಂಥದ್ದು.

ಇನ್ನೊಂದು ಪ್ರಸಂಗವು ಇದಕ್ಕಿಂತಲೂ ಚಿಕ್ಕದು, ಆದರೆ ವಿಮರ್ಶೆಗೆ ಹೆಚ್ಚು ಉಪಯುಕ್ತವಾದದ್ದು. ಮೆಸ್‌ಕಿರ್ಖಿನಲ್ಲಿ ಗ್ರೇಟ ಎಂಬ ಬಡ ಕೆಲಸದ ಹುಡುಗಿಯೊಬ್ಬಳಿದ್ದಳು. ಅವಳು ಗಂಡಸರ ಕಡೆ ತಿರುಗಿ ನೋಡುತ್ತಿರಲಿಲ್ಲ. ಊರಿನ ಹೆಣ್ಣುಮಕ್ಕಳನ್ನು ಪ್ರೀತಿಸಿ, ಅವರ ಹಿಂದೆ ಹೋಗಿ, ಅವರಿಗೆ ಸಣ್ಣಪುಟ್ಟ ಸಾಮಾನುಗಳನ್ನು ಕೊಂಡುಕೊಡುತ್ತಿದ್ದಳು. ಅವಳ ನಡೆನುಡಿಗಳು ಗಂಡಿನವುಗಳಂತೆ ಇದ್ದುವು. ಜನರು ಸಂಶಯಪಟ್ಟು ಅವಳನ್ನು ಪರೀಕ್ಷೆಮಾಡಿಸಿದರು. ಅವಳು ಹೆಣ್ಣೇ ಎಂದು ನಿರ್ಣಯವಾಯಿತು. ವಿಪರೀತವಾದ ನಕ್ಷತ್ರಯೋಗದಲ್ಲಿ ಹುಟ್ಟಿರಬೇಕೆಂದು ಕೆಲವರು ಹೇಳಿದರೆಂದೂ, ಗ್ರೀಕ್ ರೋಮನ್ ಗ್ರಂಥಗಳನ್ನು ಓದಿದವರಿಗೆ ಇಂಥ ಸಂಗತಿ ಹೊಸದಲ್ಲವೆಂದೂ ಗ್ರಂಥಕರ್ತನು ಬರೆದು ಮುಂದೆ ಸಾಗುವನು. ಇಲ್ಲಿ ಅವನು ನೀತಿಯ ಪ್ರವಚನಕ್ಕೆ ಹೊರಡಲಿಲ್ಲವೆಂಬುದು ಗಮನಿಸತಕ್ಕ ಅಂಶ. ಒಡೆಯರ ಚರಿತ್ರೆಯಲ್ಲಿ ಒಂದು ಕೆಲಸದ ಹುಡುಗಿಗೆ ಹೆಸರಿನೊಡನೆ ಸ್ಥಳವು ಸಿಕ್ಕಿತು. ಅವಳ ಒಡೆಯರಲ್ಲಿ ಎಷ್ಟೋ ಮಂದಿ ಪೂರ್ವಿಕರಿಗೆ ಅಷ್ಟು ಸ್ಪಷ್ಟವಾದ ರೂಪವು ಈ ಗ್ರಂಥದಲ್ಲಿ ದೊರೆತಿಲ್ಲ.

ಸ್ವಂತ ಮನೆಯ ದೋಷಗಳನ್ನೂ ಅವನು ಮುಚ್ಚಲಿಲ್ಲ. ತಂದೆಯ ವಿಷಯದಲ್ಲಿ ಅವನ ಲೇಖನಿಯು ಕಠಿನವಾಗಿದೆ. ತಂದೆಮಕ್ಕಳ ಮನಸ್ಸು ಕೂಡಿರಲಿಲ್ಲವೆಂಬುದು ಓದಿದವರಿಗೆ ಮರೆಯಾಗದು. ಮನೆತನದ ಅವಿವಾಹಸಂತಾನದ ವಿಚಾರವೂ, ಸಹೋದರರ ಕಲಹವೂ, ಜಿಪುಣತನವೂ ಅಲ್ಲಲ್ಲಿ ಬಂದಿವೆ. ಚಿಕ್ಕಪ್ಪ ಗಾಟ್‌ಫ್ರೀಡ್ ವೆರ್ನರನನ್ನು ನೋಡಬಹುದು. ಮೆಸ್‌ಕಿರ್ಖಿನ ಒಡೆಯನಾದ ಇವನು ಮಾರ್ಟಿನ್ ಸಂತನ ದೇವಾಲಯಕ್ಕೆ ಚಿತ್ರಫಲಕಗಳನ್ನು ಬರೆಯಿಸಿದನು. ಬರೆದ ಚಿತ್ರಕಾರನ ಹೆಸರು ಲೋಪವಾಗಿ ‘ಮೆಸ್‌ಕಿರ್ಖಿನ ಆಚಾರ್ಯ’ನೆಂದೇ ಕಲೆಯ ಚರಿತ್ರೆಯಲ್ಲಿ ಪ್ರಸಿದ್ಧನಾಗಿರುವನು. ೧೫೩೬ರ ವಿಲ್ಡೆನ್‌ಸ್ಟೈನ್ ಚಿತ್ರದಲ್ಲಿ ಗಾಟ್‌ಫ್ರೀಡನೂ ಅವನ ಪತ್ನಿ ಅಪೊಲೋನಿಯಳೂ ಕೈಮುಗಿದು ಮಂಡಿಯೂರಿ ಭಕ್ತಿಯಿಂದ ಕುಳಿತಿರುವರು. ಅದೇ ಗಾಟ್‌ಫ್ರೀಡನು ವೃತ್ತಾಂತದಲ್ಲಿ ಮೂಗಿನ ತುದಿಯಲ್ಲಿ ಕೋಪವಿರುವ ಒರಟು ಮನುಷ್ಯ. ಚಿತ್ರವು ಪ್ರಶಸ್ತಿ, ಬರಹವು ಚರಿತ್ರೆ. ಎರಡೂ ಒಂದೇ ಮನೆಯವು, ಒಂದೇ ಕಾಲದವು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಫ್ರೋಬೆನನು ಏನನ್ನು ಮಾಡಬಹುದಾಗಿತ್ತು, ಏನನ್ನು ಮಾಡಲಿಲ್ಲ ಎಂಬುದು ತಾನಾಗಿಯೇ ವಿಶದವಾಗುವುದು.

೭

ಇದಕ್ಕೆ ಪೂರ್ವಪಕ್ಷವುಂಟು. ಈ ಉಪಕಥೆಗಳು ಅನೌಚಿತ್ಯದ ಉದಾಹರಣೆಗಳು. ಪ್ರಧಾನವಾದ ವಸ್ತುವನ್ನು ಬಿಟ್ಟು ಅಡ್ಡದಾರಿಗೆ ಹೋಗುವುವು. ಅಂಗವು ಅಂಗಿಯನ್ನು ನುಂಗಿರುವುದು. ಕೆಲವಂತೂ ಅಶ್ಲೀಲವಾಗಿರುವುವು ಎಂದು ಆಕ್ಷೇಪಿಸುವರು. ಆಕ್ಷೇಪವು ನಿರ್ಮೂಲವಲ್ಲ. ಅನೇಕ ಕಥೆಗಳು ಒರಟು. ಕೆಲವು ನಗೆಗೇ ಹೊರತು ಬೇರೆ ಪ್ರಯೋಜನವಿಲ್ಲದುವು.

ಸಮಾಧಾನವೇನೆಂದರೆ, ಮೊದಲನೆಯದಾಗಿ ಪಾಠದ ವಿಚಾರವನ್ನು ನೋಡತಕ್ಕದ್ದು. ಕಾರ್ಲ್ ಆಗಸ್ಟ್ ಬರಾಕ್ ಎಂಬ ಪಂಡಿತನು ೧೮೬೯ರಲ್ಲಿ ಈ ಗ್ರಂಥವನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದನು. ೧೮೮೧-೮೨ರಲ್ಲಿ ಅದರ ಪರಿಷ್ಕೃತ ಮುದ್ರಣವು ಬಂದಿತು. ಹಸ್ತಪ್ರತಿಯಲ್ಲಿ ಅನುಬಂಧವಾಗಿ ಕೊನೆಗಿದ್ದ ಹಲವು ಕಥೆಗಳನ್ನು ಅವನು ಮುಖ್ಯಪಾಠದ ನಡುವೆ ಸೇರಿಸಿದನು. ಓಟವು ಕಡಿದುಹೋದಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಸಂಪಾದಕನ ಕೈಯಿಂದ ಆದ ದೋಷವನ್ನು ಕರ್ತೃವಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಂಪಾದನಶಾಸ್ತ್ರದ ಅರಿವಿಲ್ಲದೆ ರಸವಿಚಾರಕ್ಕೆ ಹೊರಟವರು ಇಂಥ ಕಡೆಗಳಲ್ಲಿ ಎಡವುವರು.

ಎರಡನೆಯದಾಗಿ, ಔಚಿತ್ಯವನ್ನು ಅಳೆಯಬೇಕಾದುದು ಕರ್ತೃವು ಘೋಷಿಸಿದ ಉದ್ದೇಶದಿಂದಲ್ಲ, ಕೃತಿಯು ಸಾಧಿಸಿದ ಅರ್ಥದಿಂದ. ಒಂದು ಸಣ್ಣ ಪ್ರಭುತ್ವವೆಂದರೆ ಏನು? ದೊಡ್ಡ ಸಾಮ್ರಾಜ್ಯದಲ್ಲಿ ಅರಸನಿಗೆ ಪ್ರಜೆಯ ಮುಖವು ಕಾಣದು. ಮೆಸ್‌ಕಿರ್ಖಿನಂಥ ಸೀಮೆಯಲ್ಲಿ ಒಡೆಯನು ಕೋಟೆಯಿಂದ ಇಳಿದರೆ ಸಂತೆ; ಸಂತೆಯಲ್ಲಿ ಗ್ರೇಟ. ಪಾದ್ರಿಯ ಕುಡಿತವೂ, ಹೊಲದ ಗಡಿಯ ಜಗಳವೂ, ದೆವ್ವದ ಸುದ್ದಿಯೂ ಅವನ ಊಟದ ಹೊತ್ತಿಗೆ ಅವನ ಕಿವಿಗೆ ಬೀಳುವುವು. ಆ ಪ್ರಭುತ್ವದ ಚರಿತ್ರೆಯನ್ನು ಅದರ ಅಳತೆಗೆ ತಕ್ಕಂತೆ ಬರೆದರೆ ಉಪಕಥೆಗಳೇ ಕಥೆಯಾಗುವುವು. ಕಿಂಬ್ರಿಗಳ ಮಹಾಚರಿತ್ರೆಯು ಆ ಸಣ್ಣ ಮೈಗೆ ಹೊಲಿದ ದೊಡ್ಡ ಅಂಗಿ. ಸಂತೆಯ ಮಾತುಗಳು ಅದರ ಚರ್ಮ. ಅನೌಚಿತ್ಯವು ಇದ್ದರೆ ಮೊದಲನೆಯದರಲ್ಲಿ ಇದೆ, ಎರಡನೆಯದರಲ್ಲಿ ಇಲ್ಲ.

ಹೀಗೆಂದಮಾತ್ರಕ್ಕೆ ಗ್ರಂಥಕರ್ತನನ್ನು ಸಮದರ್ಶಿಯೆಂದು ಹೊಗಳಲಾಗದು. ೧೫೨೫ರಲ್ಲಿ ರೈತರು ಜರ್ಮನಿಯ ತೆಂಕಣ ಸೀಮೆಗಳಲ್ಲೆಲ್ಲಾ ಒಡೆಯರ ಮೇಲೆ ಎದ್ದರು. ಆ ದಂಗೆಯನ್ನು ಕುರಿತು ಬರೆಯುವಾಗ ಫ್ರೋಬೆನನು ಕೋಟೆಯ ಗೋಡೆಯಿಂದ ಕೆಳಗೆ ನೋಡುವನು. ರೈತರ ದೂರು ಅವನಿಗೆ ಉದ್ಧಟತನವಾಗಿಯೇ ಕಾಣುವುದು. ಒಬ್ಬೊಬ್ಬ ರೈತನ ಮಾತನ್ನು ನಗುತ್ತ ಆಲಿಸಿದ ಕಿವಿಯು ಸಾವಿರ ಮಂದಿ ಒಟ್ಟಾಗಿ ಆಡಿದ ಮಾತನ್ನು ಕೇಳಲಾರದೆಹೋಯಿತು. ಕುಲದ ಹಕ್ಕಿಗೆ ಅಪಾಯವೆಂದು ತೋರಿದೊಡನೆ ಹಳೆಯ ಉದ್ದೇಶವು ಎಚ್ಚತ್ತು ಅವನ ಕೈಯನ್ನು ಹಿಡಿದುಕೊಂಡಿತು. ಮೇಲೆ ಹೇಳಿದ ಸಿದ್ಧಾಂತಕ್ಕೆ ಇದು ಬಾಧಕವಲ್ಲ, ಪೋಷಕವೇ ಆಗಿದೆ.

೮

ಫ್ರೋಬೆನನಿಗೆ ಹೆಣ್ಣುಮಕ್ಕಳು ಹಲವರು. ವಂಶವನ್ನು ಮುಂದುವರಿಸಬೇಕಾದ ಗಂಡುಮಗನು ವಿಲ್‌ಹೆಲ್ಮನೊಬ್ಬನೇ. ತಂದೆಯು ೧೫೫೭ರಲ್ಲಿ ಮೆಸ್‌ಕಿರ್ಖಿನಲ್ಲಿ ಹೊಸ ಅರಮನೆಯನ್ನು ಕಟ್ಟಿಸತೊಡಗಿದನು. ಅತ್ತ ಚರಿತ್ರೆಯನ್ನೂ ಬರೆಯುತ್ತಿದ್ದನು. ಎರಡೂ ಮುಂದಿನ ಪೀಳಿಗೆಗಳಿಗೆಂದೇ ಮಾಡಿದ ಕಾರ್ಯಗಳು. ೧೫೯೪ರಲ್ಲಿ ಆ ಮಗನು ಗಂಡುಸಂತಾನವಿಲ್ಲದೆ ತೀರಿಕೊಂಡನು. ವೆರ್ಡೆನ್‌ಬೆರ್ಗರಿಗೆ ಬಂದ ಗತಿಯೇ ಅರುವತ್ತು ವರ್ಷಗಳ ಬಳಿಕ ತ್ಸಿಮರ್ನರಿಗೂ ಬಂದಿತು. ಮೆಸ್‌ಕಿರ್ಖ್ ಅಳಿಯನ ಕಡೆಯ ಹೆಲ್ಫೆನ್‌ಸ್ಟೈನ್ ಮನೆತನಕ್ಕೂ, ಅದೂ ೧೬೨೭ರಲ್ಲಿ ನಿಂತುಹೋದಾಗ ಫ್ಯೂರ್ಸ್ಟೆನ್‌ಬೆರ್ಗ್ ಮನೆತನಕ್ಕೂ ಸೇರಿತು. ಹಸ್ತಪ್ರತಿಯು ಫ್ಯೂರ್ಸ್ಟೆನ್‌ಬೆರ್ಗರ ಡೊನೌಎಶಿಂಗೆನ್ ಗ್ರಂಥಭಂಡಾರದಲ್ಲಿದ್ದು, ೧೯೯೩ರಲ್ಲಿ ಅಲ್ಲಿನ ಹಸ್ತಪ್ರತಿಗಳನ್ನು ಬಾಡೆನ್-ವ್ಯೂರ್ಟೆಂಬೆರ್ಗ್ ಸಂಸ್ಥಾನವು ಕೊಂಡಮೇಲೆ ಸ್ಟುಟ್‌ಗಾರ್ಟಿನ ಗ್ರಂಥಾಲಯವನ್ನು ಸೇರಿತು.

ಯಾವ ಹಕ್ಕನ್ನು ಸ್ಥಾಪಿಸಲು ಗ್ರಂಥವು ಹುಟ್ಟಿತೋ ಆ ಹಕ್ಕು ಗ್ರಂಥಕರ್ತನ ಮಗನ ಜೊತೆಗೇ ಮುಗಿಯಿತು. ಅದನ್ನು ನಂಬಬೇಕಾದ ಉತ್ತರಾಧಿಕಾರಿಯೇ ಇಲ್ಲದ ಮೇಲೆ ಕಿಂಬ್ರಿಗಳು ಯಾರಿಗೂ ಬೇಡವಾದರು. ಉಳಿದುದು ಗ್ರಂಥಕರ್ತನು ವಿನೋದಕ್ಕೆಂದು, ಬೇಸರ ಕಳೆಯಲೆಂದು, ಅಥವಾ ಮನಸ್ಸು ತಡೆಯಲಾರದೆ ಬರೆದುದು. ವಂಶಚರಿತ್ರೆಗಳನ್ನು ಪರೀಕ್ಷಿಸುವವರು ಇದರಿಂದ ಒಂದು ವಿಧಾನವನ್ನು ಕಲಿಯಬಹುದು. ಗ್ರಂಥವು ಎಲ್ಲಿ ಪ್ರಯತ್ನಪೂರ್ವಕವಾಗಿ ನಂಬಿಸಲು ಹೊರಡುವುದೋ ಅಲ್ಲಿ ಅದರ ಕಾಲದ ಆಶೆಭಯಗಳನ್ನು ಓದತಕ್ಕದ್ದು. ಎಲ್ಲಿ ನಂಬಿಸುವ ಚಿಂತೆಯನ್ನೇ ಬಿಟ್ಟು ಸುಮ್ಮನೆ ಹೇಳುವುದೋ ಅಲ್ಲಿ ಅದರ ಕಾಲದ ಬಾಳನ್ನು ಓದತಕ್ಕದ್ದು. ರಾಗದ್ವೇಷಗಳಿಲ್ಲದ ಗ್ರಂಥವೇ ಬೇಕೆಂದು ಹಟಹಿಡಿದವನು ತ್ಸಿಮರ್ನ್ ವೃತ್ತಾಂತದಂಥ ಕೃತಿಗಳನ್ನು ಕಳೆದುಕೊಳ್ಳುವನು. ರಾಗದ್ವೇಷಗಳ ಎಲ್ಲೆಯನ್ನು ಕಲ್ಲುನೆಟ್ಟು ಗುರುತಿಸಿಕೊಂಡವನಿಗೆ ಆ ಎಲ್ಲೆಯ ಹೊರಗೆ ವಿಸ್ತಾರವಾದ ಭೂಮಿಯು ದೊರೆಯುವುದು. ಆ ಗುರುತನ್ನು ನೆಡುವುದೇ ವಿಮರ್ಶೆಯ ಕೆಲಸ.